ಹಿಂದೆ ನಿಲ್ಲಿಸಿದ ಕೈ

(ಮೈಸೂರಿನ ಹಳೆಯ ಮನೆಯೊಂದರ ಜಗುಲಿ. ನಿವೃತ್ತರಾದ ಇಂಗ್ಲಿಷ್ ಅಧ್ಯಾಪಕರೊಬ್ಬರು. ಹಿಂದೆ ಅವರಲ್ಲಿ ಓದಿ, ಈಗ ಕಾನೂನಿನ ಗ್ರಂಥಗಳನ್ನು ಕನ್ನಡಕ್ಕೆ ತರುವ ಕೆಲಸದಲ್ಲಿ ತೊಡಗಿರುವ ಶಿಷ್ಯೆ.)

ಶಿಷ್ಯೆ: ಮೇಷ್ಟ್ರೇ, ಮೂರು ದಿನಗಳಿಂದ ಒಂದೇ ವಾಕ್ಯದ ಮುಂದೆ ಕುಳಿತಿದ್ದೇನೆ. ಬ್ರಿಟನ್ನಿನ 2010ನೆಯ ಇಸವಿಯ ಸಮಾನತಾ ಅಧಿನಿಯಮದ 19ನೆಯ ಪ್ರಕರಣ. ಎಲ್ಲರಿಗೂ ಒಂದೇ ರೀತಿಯಾಗಿ ಅನ್ವಯಿಸುವ ನಿಯಮವೊಂದು, ಒಂದು ಗುಂಪಿನ ಜನರನ್ನು ಇತರರೊಡನೆ ಹೋಲಿಸಿ ನೋಡಿದಾಗ, ವಿಶೇಷವಾದ ‘ಡಿಸ್‌ಅಡ್ವಾಂಟೇಜ್’ನಲ್ಲಿ ಇಡುವುದಾದರೆ, ಮತ್ತು ಆ ನಿಯಮಕ್ಕೆ ತಕ್ಕ ಸಮರ್ಥನೆ ಇಲ್ಲವಾದರೆ, ಅದು ಪರೋಕ್ಷವಾದ ತಾರತಮ್ಯ ಎಂಬುದು ಅದರ ತಾತ್ಪರ್ಯ. ತಾತ್ಪರ್ಯವೇನೋ ತಿಳಿಯಿತು; ವಾಕ್ಯ ಕನ್ನಡಕ್ಕೆ ಇಳಿಯಲೊಲ್ಲದು. ‘ಅನನುಕೂಲಕ್ಕೆ ಒಳಪಡಿಸುತ್ತದೆ’ ಎಂದು ಬರೆದೆ. ಜೀವವಿಲ್ಲದ ಸುತ್ತೋಲೆಯಂತೆ ಕೇಳಿಸಿತು. ಅದನ್ನು ಹೊಡೆದುಹಾಕಿ ‘ನಿಯಮದಿಂದ ಅವರಿಗೆ ತೊಂದರೆಯಾಗುತ್ತದೆ’ ಎಂದು ಬರೆದೆ. ಕಿವಿಗೆ ಹಿತವಾಯಿತು, ಅರ್ಥ ಸೋರಿಹೋಯಿತು.

ಮೇಷ್ಟ್ರು: ಸೋರಿಹೋದದ್ದು ಏನೆಂದು ನಿನಗೆ ತೋರುತ್ತದೆ?

ಶಿಷ್ಯೆ: ಆ ‘ಇಡುವುದು’ ಹೋಯಿತು. ಇಂಗ್ಲಿಷಿನಲ್ಲಿ ನಿಯಮವೇ ಕರ್ತೃ. ಅದು ಮನುಷ್ಯರನ್ನು ಎತ್ತಿ ಒಂದು ಕಡೆ ಇಡುತ್ತದೆ. ನನ್ನ ವಾಕ್ಯದಲ್ಲಿ ತೊಂದರೆಯು ಮಳೆ ಬಂದಂತೆ ತಾನಾಗಿ ಬಂದು ಅವರ ಮೇಲೆ ಬೀಳುತ್ತದೆ.

ಮೇಷ್ಟ್ರು: ಶಂಕೆ ಹುಟ್ಟಬೇಕಾದ ಜಾಗದಲ್ಲಿಯೇ ಹುಟ್ಟಿದೆ, ತಾಯಿ. ಮೊದಲು ಆ ಶಬ್ದದ ಒಡಲನ್ನು ನೋಡೋಣ. ಲ್ಯಾಟಿನ್ನಿನಲ್ಲಿ ‘ಆಂತೆ’ ಎಂದರೆ ಮುಂದೆ. ‘ಅಬ್’, ‘ಆಂತೆ’ ಎಂಬೆರಡು ಕೂಡಿ, ಫ್ರೆಂಚರ ಬಾಯಲ್ಲಿ ಸವೆದು ‘ಅವಾಂ’ ಎಂದಾಗಿ, ಅದರಿಂದ ‘ಅವಾಂತಾಜ್’, ಎಂದರೆ ಮುಂದಿರುವಿಕೆ, ಎಂಬ ಭಾವನಾಮ ಹುಟ್ಟಿತು. ಅದು ಇಂಗ್ಲಿಷಿಗೆ ಬಂದು ನೆಲೆಸಿದ ಮೇಲೆ, ‘ಅಡ್’ ಎಂಬ ಲ್ಯಾಟಿನ್ ಉಪಸರ್ಗದಿಂದ ಆದ ಪದವಿದು ಎಂದು ತಪ್ಪಾಗಿ ಭಾವಿಸಿದವರು ನಡುವೆ ಒಂದು ‘ಡ’ಕಾರವನ್ನು ಸೇರಿಸಿದರು, ‘ಅಡ್ವಾನ್ಸ್’ ಎಂಬ ಪದಕ್ಕೂ ಅದೇ ಗತಿಯಾಯಿತು. ಹಾಗಾಗಿ ‘ಅಡ್ವಾಂಟೇಜ್’ ಎಂಬುದು ಮೂಲತಃ ಗುಣವೂ ಅಲ್ಲ, ಸಂಪತ್ತೂ ಅಲ್ಲ, ಒಂದು ಸ್ಥಾನ. ಯಾರೋ ಒಬ್ಬ ಮುಂದೆ ಇದ್ದಾನೆ ಎಂದೊಡನೆಯೇ ಮತ್ತೊಬ್ಬ ಹಿಂದೆ ಇದ್ದಾನೆ ಎಂಬುದು ಅದರೊಳಗೇ ಅಡಗಿದೆ. ನಮ್ಮ ‘ಮುನ್ನಡೆ’, ‘ಹಿನ್ನಡೆ’ಗಳಲ್ಲಿಯೂ ಇದೇ ಕಲ್ಪನೆ.

ಶಿಷ್ಯೆ: ಇಂಗ್ಲಿಷಿನಲ್ಲಿ ಈ ಅರ್ಥಕ್ಕಿರುವ ಪದಗಳನ್ನೆಲ್ಲ ಒಂದು ಹಾಳೆಯಲ್ಲಿ ಬರೆದುಕೊಂಡು ಬಂದಿದ್ದೇನೆ. ನೋಡುತ್ತ ಹೋದಂತೆ, ಅವುಗಳಲ್ಲಿ ಬಹುಪಾಲು ಕಾಲಿಗೆ ಸಂಬಂಧಿಸಿದವು ಎಂಬುದು ಕಂಡು ಆಶ್ಚರ್ಯವಾಯಿತು.

ಮೇಷ್ಟ್ರು: ಆಶ್ಚರ್ಯಪಡತಕ್ಕದ್ದೇನೂ ಇಲ್ಲ, ಮುಂದೆ ಹೋಗುವುದು ಕಾಲಿನ ಕೆಲಸವಾದ್ದರಿಂದ ಹಿಂದೆ ಇರಿಸುವವನೂ ಕಾಲನ್ನೇ ಹಿಡಿಯುತ್ತಾನೆ. ‘ಇಂಪೀಡ್’ ಎಂಬ ಸಭ್ಯವಾದ ಪದವನ್ನು ಬಿಡಿಸಿ ನೋಡಿದರೆ, ಪಾದಕ್ಕೆ ತೊಡಕು ಹಾಕು ಎಂಬರ್ಥ. ಆ ತೊಡಕನ್ನು ಬಿಡಿಸಿದರೆ ‘ಎಕ್ಸ್‌ಪೆಡೈಟ್’. ಅವೆರಡರಲ್ಲಿಯೂ ಇರುವ ಲ್ಯಾಟಿನ್ ‘ಪೆಡ್’, ನಮ್ಮ ಸಂಸ್ಕೃತದ ‘ಪಾದ’ಕ್ಕೆ ಒಡಹುಟ್ಟಿದ್ದು. ರೋಮನರ ಸೈನ್ಯ ಹೊತ್ತು ನಡೆಯುತ್ತಿದ್ದ ಮೂಟೆ ಸಾಮಾನುಗಳಿಗೆ ‘ಇಂಪೆಡಿಮೆಂಟಾ’ ಎಂದೇ ಹೆಸರು. ‘ಹ್ಯಾಮ್‌ಸ್ಟ್ರಿಂಗ್’ ಎಂಬ ಕ್ರಿಯಾಪದವಂತೂ ಕ್ರೂರವಾದದ್ದು: ಪ್ರಾಣಿಯ ಹಿಂಗಾಲಿನ ದಪ್ಪನರವನ್ನು ಕೊಯ್ದು, ಅದು ಸಾಯದಂತೆ, ಆದರೆ ಇನ್ನೆಂದೂ ಓಡದಂತೆ ಮಾಡುವುದು. ಇಂದು ಆಡಳಿತದ ವರದಿಗಳಲ್ಲಿ ಅನುದಾನದ ಕೊರತೆಯ ವಿಷಯ ಬರೆಯುವವರು ಈ ಪದವನ್ನು ರಕ್ತದ ಕಲೆ ಕಾಣದಂತೆ ಬಳಸುತ್ತಾರೆ. ಕನ್ನಡವೂ ಕಾಲನ್ನು ಬಿಟ್ಟಿಲ್ಲ. ಅಡ್ಡಗಾಲು ಹಾಕುವುದು, ಕಾಲೆಳೆಯುವುದು, ಕಾಲಿಗೆ ತೊಡರುವುದು, ಕೊನೆಗೆ ಕೈಕಾಲು ಕಟ್ಟಿ ನೀರಿಗೆ ಬಿಡುವುದು, ಇವೆಲ್ಲ ನಮ್ಮವೇ.

ಶಿಷ್ಯೆ: ಕ್ರಿಕೆಟ್ಟಿನಿಂದ ಬಂದದ್ದೂ ಒಂದಿದೆ. ‘ಬ್ಯಾಕ್‌ಫುಟ್’ಗೆ ತಳ್ಳುವುದು. ಈಗ ಕನ್ನಡ ಪತ್ರಿಕೆಗಳಲ್ಲಿಯೂ ಸರಕಾರಗಳು ಬ್ಯಾಕ್‌ಫುಟ್‌ಗೆ ಹೋಗುತ್ತಿರುತ್ತವೆ.

ಮೇಷ್ಟ್ರು: ಅದು ಆಟವನ್ನು ಅರೆಬರೆ ನೋಡಿದವರ ಮಾತು. ನಮ್ಮ ಗುಂಡಪ್ಪ ವಿಶ್ವನಾಥರ ಸ್ಕ್ವೇರ್ ಕಟ್ ನೋಡಿದವರಿಗೆ, ಹಿಂಗಾಲು ಸೋಲಿನ ನೆಲೆಯೆಂದು ಯಾರು ನಂಬಿಸಬಲ್ಲರು? ಆ ಗಿಡ್ಡ ಮೈಕಟ್ಟಿನ ಮನುಷ್ಯ ಹಿಂಗಾಲಿನ ಮೇಲೆ ನಿಂತೇ ಎಂಥೆಂಥ ವೇಗದ ಚೆಂಡನ್ನು ಬೇಲಿಗೆ ಅಟ್ಟುತ್ತಿದ್ದರು! ಅದು ಹಾಗಿರಲಿ. ಆಟದ ಬಯಲಿನಿಂದ ಬಂದ ಪದಗಳಲ್ಲಿ ಒಂದು ದೋಷವಿದೆ. ಅದನ್ನು ನೀನು ಗಮನಿಸಬೇಕು. ಭಾರ ತುಂಬಿದ ದಾಳ, ಜೋಡಿಸಿಟ್ಟ ಇಸ್ಪೀಟಿನ ಕಟ್ಟು, ತಪ್ಪು ಹೆಜ್ಜೆ ಇಡಿಸುವ ಟೆನ್ನಿಸ್ಸಿನ ಹೊಡೆತ, ಇವುಗಳೆಲ್ಲ ಇಬ್ಬರು ಆಟಗಾರರನ್ನು ಕಲ್ಪಿಸುತ್ತವೆ. ಇಬ್ಬರೂ ಒಪ್ಪಿ ಕಣಕ್ಕೆ ಇಳಿದವರು. ಧರ್ಮರಾಯನಾದರೂ ಪಗಡೆಯ ಹಾಸಿನ ಮುಂದೆ ತಾನಾಗಿ ಕುಳಿತವನು. ನಿನ್ನ ಅಧಿನಿಯಮ ಯಾರ ಮಾತನ್ನು ಆಡುತ್ತಿದೆಯೋ ಆ ಜನ ಯಾವ ಆಟಕ್ಕೂ ಒಪ್ಪಿಗೆ ಕೊಟ್ಟವರಲ್ಲ.

ಶಿಷ್ಯೆ: ಹಾಳೆಯ ಕೊನೆಯಲ್ಲಿ ಒಂದು ಪದವನ್ನು ಬರೆದು, ಅದರ ಸುತ್ತ ಗೆರೆ ಎಳೆದಿದ್ದೇನೆ. ‘ಹ್ಯಾಂಡಿಕ್ಯಾಪ್’. ಟೋಪಿಯನ್ನು ಕೈಯಲ್ಲಿ ಹಿಡಿದು ಭಿಕ್ಷೆ ಬೇಡುವವನಿಂದ ಈ ಪದ ಬಂತೆಂದು ಎಲ್ಲಿಯೋ ಓದಿದ್ದೆ.

ಮೇಷ್ಟ್ರು: ಹಲವರು ಹಾಗೆ ನಂಬಿದ್ದಾರೆ, ಅದು ನಿರಾಧಾರವಾದ ಕಥೆ, ಮತ್ತು ನೋಯಿಸುವ ಕಥೆ. ಪದದ ನಿಜವಾದ ಚರಿತ್ರೆ ಬೇರೆಯೇ ಆಗಿದೆ. 17ನೆಯ ಶತಮಾನದ ಇಂಗ್ಲೆಂಡಿನ ಪಾನಗೃಹಗಳಲ್ಲಿ ಒಂದು ಆಟವಿತ್ತು. ಒಬ್ಬನಿಗೆ ಇನ್ನೊಬ್ಬನ ಬಳಿಯಿರುವ ವಸ್ತುವಿನ ಮೇಲೆ ಆಸೆ. ಬದಲಿಗೆ ತನ್ನದೊಂದನ್ನು ಕೊಡಲು ಅವನು ಸಿದ್ಧ. ಎರಡರ ಬೆಲೆಯೂ ಸಮವಲ್ಲವಾದ್ದರಿಂದ, ಕಡಮೆ ಬೆಲೆಯದರ ಜೊತೆಗೆ ಎಷ್ಟು ಹಣ ಸೇರಿಸಿದರೆ ವಿನಿಮಯ ನ್ಯಾಯವಾದೀತೆಂಬುದನ್ನು ಮೂರನೆಯವನೊಬ್ಬ ಮಧ್ಯಸ್ಥನಾಗಿ ಹೇಳುವನು. ಪಣದ ಹಣವನ್ನು ಟೋಪಿಯೊಂದರಲ್ಲಿ ಹಾಕಿ, ಆ ಇಬ್ಬರು ಅದರೊಳಕ್ಕೆ ಕೈಯಿಟ್ಟು, ತೀರ್ಪು ತಮಗೆ ಒಪ್ಪಿಗೆಯೋ ಅಲ್ಲವೋ ಎಂಬುದನ್ನು ಕೈಯನ್ನು ಹೊರತೆಗೆಯುವ ಬಗೆಯಿಂದಲೇ ತಿಳಿಸುವರು. ಟೋಪಿಯಲ್ಲಿ ಕೈ, ‘ಹ್ಯಾಂಡ್ ಇನ್ ಕ್ಯಾಪ್’. ಸ್ಯಾಮ್ಯುಯೆಲ್ ಪೀಪ್ಸನು 1660ರ ಸೆಪ್ಟೆಂಬರಿನ ತನ್ನ ದಿನಚರಿಯಲ್ಲಿ, ಅದುವರೆಗೆ ತಾನರಿಯದಿದ್ದ ಈ ಆಟದ ಪರಿಚಯವಾದುದನ್ನು ಸಂತೋಷದಿಂದ ಬರೆದಿಟ್ಟಿದ್ದಾನೆ. ಮುಂದಿನ ಶತಮಾನದಲ್ಲಿ ಈ ಪದ ಕುದುರೆಯ ಪಂದ್ಯಕ್ಕೆ ಹೋಯಿತು. ಎರಡು ಕುದುರೆಗಳಲ್ಲಿ ಯಾವುದು ಬಲವಾದದ್ದೋ ಅದು ಎಷ್ಟು ಹೆಚ್ಚಿನ ಭಾರವನ್ನು ಹೊತ್ತು ಓಡಿದರೆ ಪಂದ್ಯ ಸಮಸಮವಾದೀತೆಂಬುದನ್ನು, ಆ ಹಳೆಯ ಆಟದ ಮಧ್ಯಸ್ಥನಂತೆ, ಒಬ್ಬ ನಿರ್ಣಾಯಕನು ಗೊತ್ತುಮಾಡುತ್ತಿದ್ದನು. ಇಂದಿಗೂ ಮೈಸೂರು, ಬೆಂಗಳೂರುಗಳ ರೇಸಿನಲ್ಲಿ ಒಳ್ಳೆಯ ಕುದುರೆಯ ಜೀನಿಗೆ ಸೀಸದ ತುಂಡುಗಳನ್ನು ಸೇರಿಸುವುದು ಈ ಲೆಕ್ಕದ ಮೇಲೆಯೇ. ಈಗ ಹೇಳು, ಆ ಭಾರ ಯಾರಿಗೆ?

ಶಿಷ್ಯೆ: ಬಲವುಳ್ಳದ್ದಕ್ಕೆ.

ಮೇಷ್ಟ್ರು: ಉಳಿದವುಗಳಿಗೆ ನ್ಯಾಯ ದೊರೆಯಲೆಂದು ಬಲವುಳ್ಳದ್ದರ ಬೆನ್ನಿಗೆ ಹೊರಿಸಿದ ಹೊರೆ ಅದು. 20ನೆಯ ಶತಮಾನದ ಆರಂಭಕ್ಕೆ, ಪಂದ್ಯವೂ ನಿರ್ಣಾಯಕನೂ ಸಮತೂಕದ ಉದ್ದೇಶವೂ ಕಳಚಿಬಿದ್ದು, ಹೊರೆ ಎಂಬ ಅರ್ಥವೊಂದೇ ಉಳಿದು, ಅದು ದೇಹದಲ್ಲಿ ಊನವುಳ್ಳ ಮನುಷ್ಯರಿಗೆ ಹೋಗಿ ಅಂಟಿಕೊಂಡಿತು. ಒಂದು ಪದದ ಬಾಳಿನಲ್ಲಿ ಇಷ್ಟು ದೊಡ್ಡ ಅನ್ಯಾಯ ನಡೆದ ನಿದರ್ಶನಗಳನ್ನು ನಾನು ಹೆಚ್ಚಾಗಿ ಕಂಡಿಲ್ಲ. ಅದನ್ನು ನೆನೆದಾಗಲೆಲ್ಲ ನನಗೆ ಏಕಲವ್ಯನ ಹೆಬ್ಬೆರಳು ನೆನಪಾಗುತ್ತದೆ. ಪಂದ್ಯದ ಬಯಲಿನ ನಿರ್ಣಾಯಕ ಓಟ ಸಮವಾಗಲೆಂದು ಭಾರ ಹೊರಿಸುತ್ತಾನೆ. ದ್ರೋಣನು ಬೆರಳನ್ನು ಕೇಳಿದ್ದು ಓಟ ಎಂದೆಂದಿಗೂ ಸಮವಾಗದಿರಲೆಂದು. ಆ ಬೇಡರ ಹುಡುಗ ಮುಂದೆ ಬಿಲ್ಲು ಹಿಡಿದಾಗ ಅವನನ್ನು ನೋಡಿದ ಹೊಸಬರು ಏನೆಂದುಕೊಂಡಿರಬೇಕು? ಇವನಿಗೆ ಹೆಬ್ಬೆರಳಿಲ್ಲ, ಪಾಪ, ಎಂದಿಷ್ಟೇ. ಕೇಳಿದ ಬಾಯಿ ಆ ಗಾಯದ ಮೇಲೆ ಬರೆದಿರುವುದಿಲ್ಲವಷ್ಟೆ.

ಶಿಷ್ಯೆ: ಈ ಪದಕ್ಕೆ ಗೆರೆ ಎಳೆದದ್ದೇಕೆಂದು ತಮಗೆ ಹೇಳಬೇಕು. ಎರಡನೆಯ ವಯಸ್ಸಿನಲ್ಲಿ ನನ್ನ ಎಡಗಾಲಿಗೆ ಪೋಲಿಯೊ ತಗಲಿದ್ದು ತಾವು ಬಲ್ಲಿರಿ. ನಾನು ಅಕ್ಷರ ಕಲಿಯುವುದಕ್ಕೆ ಮುಂಚೆಯೇ ನನಗೊಂದು ಪ್ರಮಾಣಪತ್ರ ಬಂತು. ಅದರಲ್ಲಿ ನನ್ನ ಹೆಸರಿನ ಕೆಳಗೆ ಈ ಪದವಿತ್ತು. ಇಂಗ್ಲಿಷಿನಲ್ಲಿ ನಾನು ಮೊಟ್ಟಮೊದಲು ಕೂಡಿಸಿ ಓದಿದ ದೊಡ್ಡ ಪದ ಅದೇ ಇರಬೇಕು. ಆಮೇಲೆ ಕನ್ನಡದಲ್ಲಿ ‘ಅಂಗವಿಕಲ’ ಎಂದರು, ಈಗ ‘ವಿಕಲಚೇತನ’ ಎನ್ನುತ್ತಾರೆ. ಪದಗಳನ್ನು ಬದಲಿಸಿದವರ ಸದ್ಭಾವದಲ್ಲಿ ನನಗೆ ಸಂದೇಹವಿಲ್ಲ. ಆದರೆ ಎಲ್ಲ ಪದಗಳೂ ನನ್ನ ಕಾಲನ್ನೇ ನೋಡುತ್ತವೆ. ಒಂದಾದರೂ ಮೆಟ್ಟಿಲನ್ನು ನೋಡುವುದಿಲ್ಲ. ವಿಶ್ವ ಆರೋಗ್ಯ ಸಂಸ್ಥೆ 1980ರಲ್ಲಿ ಹೊರಡಿಸಿದ ವರ್ಗೀಕರಣವನ್ನು ಓದಿದಾಗ ಮೊದಲ ಬಾರಿಗೆ ಸ್ವಲ್ಪ ಬೆಳಕು ಕಂಡಿತು. ಅಂಗದಲ್ಲಿರುವ ಊನವೊಂದು, ಅದರಿಂದ ಕೆಲಸ ಮಾಡಲಾಗದಿರುವುದು ಇನ್ನೊಂದು, ಇವೆರಡರ ದೆಸೆಯಿಂದ ಸಮಾಜದಲ್ಲಿ ಒದಗುವ ಹಿನ್ನಡೆ ಮತ್ತೊಂದು ಎಂದು ಬೇರ್ಪಡಿಸಿ, ಮೂರನೆಯದಕ್ಕೆ ಮಾತ್ರ ‘ಹ್ಯಾಂಡಿಕ್ಯಾಪ್’ ಎಂಬ ಹೆಸರನ್ನು ಇಟ್ಟಿದ್ದರು. 2001ರ ಹೊಸ ವರ್ಗೀಕರಣದಲ್ಲಿ ಆ ಪದವನ್ನೇ ಕೈಬಿಟ್ಟರು.

ಮೇಷ್ಟ್ರು: ನೀನು ಈಗ ಹೇಳಿದ ಮಾತು, ಮೆಟ್ಟಿಲನ್ನು ನೋಡದ ಪದ ಎಂಬುದು, ನಾವು ಚರ್ಚಿಸುತ್ತಿರುವ ವಿಷಯದ ತಿರುಳು. ‘ಡಿಸ್‌ಅಡ್ವಾಂಟೇಜ್’ ಎಂಬುದನ್ನು ಇಂಗ್ಲಿಷರು ಬಹುಕಾಲದಿಂದ ಸಕರ್ಮಕ ಕ್ರಿಯಾಪದವಾಗಿಯೂ ಬಳಸುತ್ತ ಬಂದಿದ್ದಾರೆ: ಒಬ್ಬನು ಮತ್ತೊಬ್ಬನನ್ನು ಹಾಗೆ ಮಾಡುತ್ತಾನೆ. ಆದರೆ 20ನೆಯ ಶತಮಾನದಲ್ಲಿ ಅದರ ಭೂತಕೃದಂತ, ‘ಡಿಸ್‌ಅಡ್ವಾಂಟೇಜ್ಡ್’ ಎಂಬುದು, ಜನರ ಹೆಸರಾಗಿ ನಿಂತಿತು. ಕೃದಂತ ವಿಶೇಷಣವಾಯಿತು, ವಿಶೇಷಣ ನಾಮಪದವಾಯಿತು. ಹೀಗೆ ಒಂದೊಂದು ಮೆಟ್ಟಿಲು ಇಳಿಯುವಾಗಲೂ ಕರ್ತೃ ಒಂದೊಂದು ಹೆಜ್ಜೆ ಹಿಂದೆ ಸರಿದು, ಕಡೆಗೆ ವಾಕ್ಯದಿಂದಲೇ ಹೊರಟುಹೋದನು. ಉಳಿದವರು, ಯಾರಿಂದಲೂ ಏನೂ ಮಾಡಲ್ಪಡದೆ, ಹುಟ್ಟಿನಿಂದಲೇ ಹಾಗಿರುವವರಂತೆ ತೋರುವ ಒಂದು ಜನಸಮೂಹ.

ಶಿಷ್ಯೆ: ನಮ್ಮ ‘ಹಿಂದುಳಿದ’ ಎಂಬ ಪದವೂ ಹಾಗೆಯೇ ಅಲ್ಲವೆ?

ಮೇಷ್ಟ್ರು: ಹಾಗೆಯೇ. 1918ರಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರ ಸರಕಾರ, ಸರಕಾರಿ ಸೇವೆಯಲ್ಲಿ ಎಲ್ಲ ಸಮುದಾಯಗಳಿಗೂ ತಕ್ಕ ಪ್ರಾತಿನಿಧ್ಯ ದೊರಕುವ ಮಾರ್ಗವನ್ನು ಸೂಚಿಸಲು, ಸರ್ ಲೆಸ್ಲಿ ಮಿಲ್ಲರ್ ಅವರ ಅಧ್ಯಕ್ಷತೆಯಲ್ಲಿ ಸಮಿತಿಯೊಂದನ್ನು ನೇಮಿಸಿತು. ಮರುವರ್ಷ ವರದಿ ಬಂತು. ದೇಶದಲ್ಲಿ ಹೆಚ್ಚಿನವರು ಇನ್ನೂ ಕಣ್ಣು ತೆರೆಯದಿದ್ದಾಗ ಈ ಸಂಸ್ಥಾನ ಮಾಡಿದ ಆ ಕಾರ್ಯವನ್ನು ನಾನು ಅತ್ಯಂತ ಗೌರವದಿಂದ ಸ್ಮರಿಸುತ್ತೇನೆ. ಆದರೆ ಆ ಕಾಲದ ಇಂಗ್ಲಿಷಿನ ‘ಬ್ಯಾಕ್‌ವರ್ಡ್’ ಎಂಬುದು ನಮ್ಮಲ್ಲಿ ‘ಹಿಂದುಳಿದ’ ಎಂದಾಯಿತು. ‘ಉಳಿ’ ಎಂಬುದು ಅಕರ್ಮಕ ಧಾತು. ಬಂಡಿ ಹೊರಟಿತು, ಇವರು ಬರಲಿಲ್ಲ, ಹಿಂದೆ ಉಳಿದರು ಎಂಬಂತೆ! ಬಂಡಿಯ ಹಲಗೆಯಿಂದ ಇವರ ಕೈಯನ್ನು ಬಿಡಿಸಿದವರು ಯಾರೆಂಬುದು ಆ ಧಾತುವಿನಲ್ಲಿ ಇಲ್ಲ. ‘ದಲಿತ’ ಎಂಬ ಪದವನ್ನು ಇದರ ಪಕ್ಕದಲ್ಲಿ ಇಟ್ಟು ನೋಡು. ಅದು ಸಂಸ್ಕೃತದ ಕೃದಂತ: ಸೀಳಲ್ಪಟ್ಟ, ತುಳಿಯಲ್ಪಟ್ಟ. ತುಳಿದ ಪಾದವೊಂದು ಎಲ್ಲಿಯೋ ಇರಲೇಬೇಕೆಂಬುದನ್ನು ಅದು ಮರೆಯಗೊಡುವುದಿಲ್ಲ. ಆ ಜನ ತಮಗೆ ಬೇರೆಯವರು ಇಟ್ಟ ಸೌಮ್ಯವಾದ ಹೆಸರುಗಳನ್ನು ಬಿಟ್ಟು ಈ ಪದವನ್ನು ತಾವಾಗಿ ಎತ್ತಿಕೊಂಡದ್ದು ಬಹು ದೊಡ್ಡ ಭಾಷಾವಿವೇಕ.

ಶಿಷ್ಯೆ: ಹಾಗಾದರೆ ನನ್ನ ಅಧಿನಿಯಮ ಕರ್ತೃವನ್ನು ವಾಕ್ಯಕ್ಕೆ ಮರಳಿ ಕರೆತಂದಿದೆ ಎನ್ನಬಹುದೆ? ಕರೆತಂದದ್ದು ಮನುಷ್ಯನನ್ನಲ್ಲ, ನಿಯಮವನ್ನು. ಇದು ಇನ್ನೊಂದು ಬಗೆಯ ಮರೆಯಲ್ಲವೆ?

ಮೇಷ್ಟ್ರು: ಬಹಳ ಯೋಚಿಸಿದ ಮೇಲೆ ನನಗೆ ಅದು ಮರೆಯೆಂದು ತೋರಲಿಲ್ಲ. ಅಮೆರಿಕದ ಸರ್ವೋಚ್ಚ ನ್ಯಾಯಾಲಯದ 1971ರ ತೀರ್ಪೊಂದಿದೆ, ಗ್ರಿಗ್ಸ್ ಎಂಬಾತನ ಮೊಕದ್ದಮೆ. ಉತ್ತರ ಕೆರೊಲೀನದ ವಿದ್ಯುತ್ ಸ್ಥಾವರವೊಂದರಲ್ಲಿ ಕರಿಯ ಕೆಲಸಗಾರರನ್ನು ಕೂಲಿಯ ವಿಭಾಗವೊಂದಕ್ಕೇ ಸೇರಿಸಿಕೊಳ್ಳುತ್ತಿದ್ದರು. ಆ ವಿಭಾಗದ ಅತಿ ಹೆಚ್ಚಿನ ಸಂಬಳ, ಬಿಳಿಯರಿದ್ದ ಬೇರೆ ವಿಭಾಗಗಳ ಅತಿ ಕಡಮೆಯ ಸಂಬಳಕ್ಕಿಂತಲೂ ಕಡಮೆ. 1965ರಲ್ಲಿ ತಾರತಮ್ಯವನ್ನು ನಿಷೇಧಿಸುವ ಶಾಸನ ಜಾರಿಗೆ ಬಂದೊಡನೆ, ಮೇಲಿನ ಕೆಲಸಗಳಿಗೆ ಸೇರಬೇಕಾದರೆ ಹೈಸ್ಕೂಲಿನ ಪ್ರಮಾಣಪತ್ರ ಬೇಕು, ಪರೀಕ್ಷೆಗಳಲ್ಲಿ ತೇರ್ಗಡೆಯಾಗಬೇಕು ಎಂದು ನಿಯಮ ಮಾಡಿದರು. ನಿಯಮ ಎಲ್ಲರಿಗೂ ಒಂದೇ. ಆದರೆ ಕೀಳು ದರ್ಜೆಯ ಪ್ರತ್ಯೇಕ ಶಾಲೆಗಳಲ್ಲಿ ಓದಬೇಕಾಗಿದ್ದವರಿಗೂ ಅದೇ, ಒಳ್ಳೆಯ ಶಾಲೆಗಳಲ್ಲಿ ಓದಿದವರಿಗೂ ಅದೇ. ಆ ಕೆಲಸವನ್ನು ಚೆನ್ನಾಗಿ ಮಾಡುವುದಕ್ಕೆ ಆ ವಿದ್ಯೆ ಬೇಕೇ ಬೇಕೆಂಬುದು ಮಾತ್ರ ಸಿದ್ಧವಾಗಲಿಲ್ಲ. ಮುಖ್ಯ ನ್ಯಾಯಾಧೀಶ ವಾರನ್ ಬರ್ಗರ್ ಬರೆದ ತೀರ್ಪಿನಲ್ಲಿ ನರಿ ಮತ್ತು ಕೊಕ್ಕರೆಯ ಕಥೆಯ ಉಲ್ಲೇಖ ಬರುತ್ತದೆ.

ಶಿಷ್ಯೆ: ನಾವು ಚಿಕ್ಕಂದಿನಲ್ಲಿ ಓದಿದ ಆ ಕಥೆಯೆ? ನರಿ ಕೊಕ್ಕರೆಯನ್ನು ಊಟಕ್ಕೆ ಕರೆದು ಚಪ್ಪಟೆಯಾದ ತಟ್ಟೆಯಲ್ಲಿ ಬಡಿಸಿದ್ದು?

ಮೇಷ್ಟ್ರು: ಅದೇ. ತಟ್ಟೆ ಎರಡಕ್ಕೂ ಒಂದೇ, ಬಡಿಸಿದ್ದೂ ಒಂದೇ. ಒಂದರ ನಾಲಗೆಗೆ ಎಟುಕಿತು, ಮತ್ತೊಂದರ ಕೊಕ್ಕಿಗೆ ಎಟುಕಲಿಲ್ಲ. ಅದೇ ತೀರ್ಪಿನಲ್ಲಿ, ಕೆಲವರಿಗೆ ಮಾತ್ರ ವ್ಯವಸ್ಥೆಯೊಳಗೇ ಅಡಕವಾಗಿರುವ ಎದುರುಗಾಳಿ ಎಂಬರ್ಥದ ರೂಪಕವೊಂದೂ ಇದೆ. ಅಲ್ಲಿ ನ್ಯಾಯಾಲಯ ಹೇಳಿದ್ದೇನು? ನಿಯಮ ಮಾಡಿದವನ ಮನಸ್ಸಿನಲ್ಲಿ ದ್ವೇಷವಿತ್ತೆ ಎಂಬುದನ್ನು ಅಗೆಯುತ್ತ ಕೂರಬೇಕಾಗಿಲ್ಲ. ನಿಯಮ ಏನು ಮಾಡಿತೆಂಬುದನ್ನು ನೋಡು ಎಂದು. ‘ನಮಗೆ ದುರುದ್ದೇಶವಿರಲಿಲ್ಲ’ ಎಂಬ ಮಾತು ಸಾವಿರಾರು ವರ್ಷಗಳಿಂದ ಬಲವುಳ್ಳವರ ಆಶ್ರಯಸ್ಥಾನ. ವಾಕ್ಯದ ಕರ್ತೃಸ್ಥಾನದಲ್ಲಿ ನಿಯಮವನ್ನು ಕೂರಿಸಿದಾಗ ಆ ಆಶ್ರಯ ಕುಸಿಯುತ್ತದೆ. ಮನಸ್ಸನ್ನು ಬಚ್ಚಿಡಬಹುದು, ನಿಯಮ ಹಾಳೆಯ ಮೇಲೆ ಇದೆ.

ಶಿಷ್ಯೆ: ನಮ್ಮ ಸರ್ವೋಚ್ಚ ನ್ಯಾಯಾಲಯವೂ 2021ರ ಮಾರ್ಚಿನಲ್ಲಿ, ಸೈನ್ಯದ ಮಹಿಳಾ ಅಧಿಕಾರಿಗಳ ಮೊಕದ್ದಮೆಯಲ್ಲಿ, ಈ ದಾರಿಯಲ್ಲೇ ನಡೆಯಿತು. ಶಾಶ್ವತ ನೇಮಕಕ್ಕೆ ಗಂಡಸರಿಗೂ ಹೆಂಗಸರಿಗೂ ಒಂದೇ ವೈದ್ಯಕೀಯ ಅರ್ಹತೆಯ ಪರೀಕ್ಷೆ. ಆದರೆ ಗಂಡಸರನ್ನು ಪರೀಕ್ಷಿಸಿದ್ದು ಅವರ ಸೇವೆಯ ಐದನೆಯ ಅಥವಾ ಹತ್ತನೆಯ ವರ್ಷದಲ್ಲಿ. ಹೆಂಗಸರಿಗೆ ಆ ಬಾಗಿಲನ್ನೇ ಆಗ ತೆರೆದಿರಲಿಲ್ಲವಾಗಿ, ನಡುವಯಸ್ಸಿಗೆ ಬಂದ ಮೇಲೆ ಅದೇ ಅಳತೆಗೋಲನ್ನು ಹಿಡಿದರು.

ಮೇಷ್ಟ್ರು: ಸರಿಯಾದ ನಿದರ್ಶನ. ಈಗ ನಿನ್ನ ವಾಕ್ಯಕ್ಕೆ ಬರೋಣ. ಕನ್ನಡಕ್ಕೆ ‘ಆಗು’ ಎಂಬ ಧಾತುವಿನ ಮೇಲೆ ಬಹು ಪ್ರೀತಿ. ತಡವಾಯಿತು, ನಷ್ಟವಾಯಿತು, ಅನ್ಯಾಯವಾಯಿತು. ಎದುರಿಗಿರುವವರ ಮುಖಕ್ಕೆ ಹೊಡೆದಂತೆ ಮಾತಾಡಬಾರದೆಂಬ ನಮ್ಮ ಸೌಜನ್ಯವೆಲ್ಲ ಆ ಧಾತುವಿನಲ್ಲಿ ನೆಲೆಗೊಂಡಿದೆ. ಮನೆಮಾತಿನಲ್ಲಿ ಅದು ಸುಖಕರವಾದದ್ದು. ಶಾಸನದಲ್ಲಿ ಅದು ಅಪರಾಧಿಗೆ ತೆರೆದ ಹಿತ್ತಿಲ ಬಾಗಿಲು. ಆದರೆ ಇದೇ ಕನ್ನಡದಲ್ಲಿ ‘ಇಸು’ ಎಂಬ ಪ್ರೇರಣಾರ್ಥಕ ಪ್ರತ್ಯಯವೂ ಇದೆ. ಮಾಡು, ಮಾಡಿಸು, ಓಡು, ಓಡಿಸು, ಬೀಳುವವರನ್ನು ಬೀಳಿಸುವವರಿಂದ ಬೇರ್ಪಡಿಸಲು ಆ ಪುಟ್ಟ ಪ್ರತ್ಯಯ ಸಾಕು. ‘ನಿಲ್ಲು’ ಎಂಬುದಕ್ಕೆ ಅದನ್ನು ಹಚ್ಚು.

ಶಿಷ್ಯೆ: ‘ನಿಲ್ಲಿಸು’. ‘ನಿಯಮವು ಅಂಥವರನ್ನು ಇತರರಿಗಿಂತ ಹಿಂದೆ ನಿಲ್ಲಿಸುವುದಾದರೆ...’ ಮೇಷ್ಟ್ರೇ, ಇದು ಕೂಡುತ್ತದೆ. ತಾವು ಮೊದಲು ಹೇಳಿದ ಆ ಹಳೆಯ ‘ಮುಂದೆ’ಯೂ ಇದರ ಎದುರಿಗೆ ಬಂದು ನಿಲ್ಲುತ್ತದೆ.

ಮೇಷ್ಟ್ರು: ಬರೆದುಕೊ. ಮುಂದಿನ ಪ್ರಕರಣ ಯಾವುದು?

ಶಿಷ್ಯೆ: 20ನೆಯದು. ಕಟ್ಟಡದ ಯಾವುದಾದರೂ ಅಂಗವು ವೈಕಲ್ಯವುಳ್ಳವರನ್ನು ಗಣನೀಯವಾಗಿ ಹಿಂದೆ ನಿಲ್ಲಿಸಿದರೆ, ಅದನ್ನು ತಪ್ಪಿಸಲು ಯುಕ್ತವಾದ ಕ್ರಮವನ್ನು ಕೈಗೊಳ್ಳತಕ್ಕದ್ದು ಎಂದು. ಇಲ್ಲಿ ಮೆಟ್ಟಿಲೇ ಕರ್ತೃ. ನಾನು ಬಾಲ್ಯದಿಂದ ಹುಡುಕುತ್ತಿದ್ದ ವಾಕ್ಯ ಇದು ಎಂದು ತೋರುತ್ತದೆ. ಆದರೂ, ಮೆಟ್ಟಿಲನ್ನು ಕಟ್ಟಿದವರು, ಯಾವ ಕೊಠಡಿ ಯಾರಿಗೆ ಎಂದು ಗೊತ್ತುಮಾಡಿದವರು ಇದ್ದೇ ಇರುತ್ತಾರಲ್ಲವೆ ಎಂಬ ನನ್ನ ಪ್ರಶ್ನೆ ಪೂರ್ತಿಯಾಗಿ ಕರಗಿಲ್ಲ.

ಮೇಷ್ಟ್ರು: ಕರಗಬಾರದು. ನಿನ್ನ ಎರಡನೆಯ ವರ್ಷದ ಪರೀಕ್ಷೆ ನಿನಗೆ ನೆನಪಿದೆಯೆ?

ಶಿಷ್ಯೆ: ಇದೆ. ಕೊಠಡಿ ಮೂರನೆಯ ಮಹಡಿಯಲ್ಲಿತ್ತು. ಗಂಟೆ ಎಲ್ಲರಿಗೂ ಒಂದೇ. ನಾನು ಮೇಲೆ ಹತ್ತಿ ಹೋಗುವಷ್ಟರಲ್ಲಿ ಪ್ರಶ್ನೆಪತ್ರಿಕೆ ಹಂಚಿ ಇಪ್ಪತ್ತು ನಿಮಿಷಗಳಾಗಿದ್ದವು.

ಮೇಷ್ಟ್ರು: ಆ ದಿನದ ವರದಿಯನ್ನು ಬರೆದವನು ನಾನು. ‘ಅಭ್ಯರ್ಥಿನಿಗೆ ವಿಳಂಬವಾಯಿತು’ ಎಂದು ಬರೆದೆ. ವ್ಯಾಕರಣದ ದೃಷ್ಟಿಯಿಂದ ನಿರ್ದುಷ್ಟವಾದ ವಾಕ್ಯ. ನಿನ್ನ ಮೇಲೆ ತಪ್ಪು ಹೊರಿಸಲಿಲ್ಲವೆಂದು ಆಗ ಸಮಾಧಾನವನ್ನೂ ಪಟ್ಟಿದ್ದೆ. ಇಷ್ಟು ವರ್ಷಗಳಲ್ಲಿ ಅದನ್ನು ಮನಸ್ಸಿನೊಳಗೆ ಎಷ್ಟೋ ಬಾರಿ ತಿದ್ದಿದ್ದೇನೆ.

ಶಿಷ್ಯೆ: ಹೇಗೆಂದು ತಿದ್ದಿದಿರಿ?

ಮೇಷ್ಟ್ರು: ‘ಮೂರನೆಯ ಮಹಡಿಯಲ್ಲಿ ಕೊಠಡಿಯನ್ನು ಗೊತ್ತುಮಾಡಿ, ಅವಳನ್ನು ಇಪ್ಪತ್ತು ನಿಮಿಷಗಳಷ್ಟು ಹಿಂದೆ ನಿಲ್ಲಿಸಿದೆನು.’

ಶಿಷ್ಯೆ: ‘ನಿಲ್ಲಿಸಿದೆನು’ ಎಂದೆ? ಕೊಠಡಿಗಳ ಪಟ್ಟಿ ಕಚೇರಿಯಿಂದ ಬಂದಿರಬೇಕಲ್ಲವೆ?

ಮೇಷ್ಟ್ರು: ಬಂದದ್ದು ಕಚೇರಿಯಿಂದ. ಕೆಳಗೆ ರುಜು ಹಾಕಿದವನು ನಾನು, ತಾಯಿ.